ಒಡೆತನ ಮೊದಲು, ಸಾಫ್ಟ್‌ವೇರ್ ಆಮೇಲೆ

ಒರಾಕಲ್ ಡೇಟಾಬೇಸನ್ನು ಒಂದು ಲಿನಕ್ಸ್ ಸರ್ವರ್‌ಗೆ ಹಾಕಬೇಕೆಂದರೆ ಕೆಲಸ ಶುರುವಾಗುವುದು ಇನ್‌ಸ್ಟಾಲರ್ ಓಡಿಸಿದಾಗಲ್ಲ. ಅದಕ್ಕೂ ಮೊದಲು ಯಾರಾದರೊಬ್ಬರು ಕೂತು ತೀರ್ಮಾನಿಸಬೇಕಾದ ಸಂಗತಿಗಳಿವೆ. ಫೈಲುಗಳು ಯಾವ ಡಿಸ್ಕಿನಲ್ಲಿ, ಯಾವ ಡೈರೆಕ್ಟರಿಯೊಳಗೆ ಕೂರುತ್ತವೆ? ಯಾರ ಹೆಸರಿನಲ್ಲಿರುತ್ತವೆ? ಆ ಯಜಮಾನನನ್ನು ಬಿಟ್ಟು ಇನ್ಯಾರು ಅವನ್ನು ಓದಬಹುದು, ತಿದ್ದಬಹುದು, ಓಡಿಸಬಹುದು? ಕಂಪನಿಗಳಲ್ಲಿ ಇದಕ್ಕೆ ‘ಪ್ರಿ-ರೆಕ್ವಿಸಿಟ್’ ಎಂದು ಹೆಸರಿಟ್ಟು, ಒಂದು ಚೆಕ್‌ಲಿಸ್ಟನ್ನು ಕೈಗಿತ್ತು, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದವರಿಗೆ ಒಪ್ಪಿಸಿಬಿಡುತ್ತಾರೆ. ತಂಡದಲ್ಲಿ ಎಲ್ಲರಿಗಿಂತ ಪಳಗಿದವರು ಮಾಡಬೇಕಾದ ಕೆಲಸ ಇದು ಎಂಬುದು ನನ್ನ ಗಟ್ಟಿ ನಂಬಿಕೆ. ನಮ್ಮ ಉಳಿತಾಯ ಖಾತೆಯ ಲೆಕ್ಕ, ಆಸ್ಪತ್ರೆಯ ದಾಖಲೆ, ಸಂಬಳದ ಪಟ್ಟಿ ಇರುವುದು ಇಂಥ ಡೇಟಾಬೇಸುಗಳಲ್ಲೇ. ಅವುಗಳ ಕಾವಲು ಎಷ್ಟು ಬಿಗಿ ಎಂಬುದು ಬಹುಪಾಲು ನಿರ್ಧಾರವಾಗುವುದು ಡೈರೆಕ್ಟರಿ ಇನ್ನೂ ಖಾಲಿ ಇರುವಾಗ.

ಫೈಲಿಗೊಬ್ಬ ಯಜಮಾನ ಇರಬೇಕೆಂಬ ಕಲ್ಪನೆ ಯುನಿಕ್ಸ್‌ನಷ್ಟೇ ಹಳೆಯದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು 1969ರಲ್ಲಿ ಯುನಿಕ್ಸ್ ಕಟ್ಟಲು ತೊಡಗಿದರು. ಅದರ ಮೊದಲ ಕೈಪಿಡಿ ಬಂದದ್ದು 1971ರ ನವೆಂಬರ್‌ನಲ್ಲಿ. ಆಗ ಇದ್ದದ್ದು ಎರಡೇ ಪಂಗಡ: ಫೈಲಿನ ಯಜಮಾನ, ಮಿಕ್ಕವರು. ಇಬ್ಬರಿಗೂ ನಡುವೆ ನಿಲ್ಲುವ ‘ಗುಂಪು’ ಸೇರಿದ್ದು ಆಮೇಲೆ. ಇಂದು ದೊಡ್ಡ ಸಂಸ್ಥೆಗಳ ಸರ್ವರ್‌ಗಳಲ್ಲಿ ನಿಜವಾದ ಜವಾಬ್ದಾರಿ ಹಂಚಿಕೆಯೆಲ್ಲ ನಡೆಯುವುದು ಹೀಗೆ ತಡವಾಗಿ ಬಂದ ಗುಂಪಿನ ಮೂಲಕವೇ. ಯಜಮಾನ, ಗುಂಪು, ಮಿಕ್ಕವರು ಎಂಬ ಈ ಮೂವರಿಗೂ ಓದುವ, ಬರೆಯುವ, ಓಡಿಸುವ ಹಕ್ಕು ಬೇರೆ ಬೇರೆ. ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1 ಎಂದು ಕೂಡಿಸಿದರೆ 775, 640 ಎಂಬಂಥ ಸಂಖ್ಯೆಗಳು ಹುಟ್ಟುತ್ತವೆ. ಯಜಮಾನನಿಗೂ ಗುಂಪಿಗೂ ಎಲ್ಲ ಹಕ್ಕು, ಮಿಕ್ಕವರಿಗೆ ಓದಲು ಮತ್ತು ಒಳಹೋಗಲು ಮಾತ್ರ ಎನ್ನುವುದು 775.

‘ಒಳಹೋಗಲು’ ಎಂದೆ. ಹೊಸಬರು ಎಡವುವುದು ಇಲ್ಲೇ. ಡೈರೆಕ್ಟರಿಯ ಮಟ್ಟಿಗೆ ಓಡಿಸುವ ಹಕ್ಕಿನ ‘ಎಕ್ಸ್’ ಎಂಬ ಗುರುತು ಅದನ್ನು ದಾಟಿಕೊಂಡು ಒಳಗಿನದನ್ನು ತಲುಪುವ ಹಕ್ಕು. ಐದು ಹಂತ ಕೆಳಗಿರುವ ಫೈಲನ್ನು ಮುಟ್ಟಬೇಕಾದರೆ ಮೇಲಿನ ಪ್ರತಿಯೊಂದು ಡೈರೆಕ್ಟರಿಯಲ್ಲೂ ಈ ಹಕ್ಕು ಇರಲೇಬೇಕು. ತಳದ ಫೈಲಿನ ಪರ್ಮಿಷನ್ ಸರಿಯಾಗಿಯೇ ಇರುತ್ತದೆ, ನಡುವಿನ ಯಾವುದೋ ಒಂದು ಡೈರೆಕ್ಟರಿ 750 ಆಗಿರುತ್ತದೆ, ಪರದೆಯ ಮೇಲೆ ‘ಪರ್ಮಿಷನ್ ಡಿನೈಡ್’ ಎಂದಷ್ಟೇ ಬರುತ್ತದೆ. ಯಾವ ಹಂತದಲ್ಲಿ ತಡೆಯಾಯಿತು ಎಂದು ಆ ಸಂದೇಶ ಹೇಳುವುದಿಲ್ಲ. ‘ನೇಮೈ’ ಎಂಬ ಪುಟ್ಟ ಕಮಾಂಡಿಗೆ ‘-ಎಲ್’ ಆಯ್ಕೆಯೊಡನೆ ಪೂರ್ತಿ ದಾರಿ ಕೊಟ್ಟರೆ ಅದು ಮೆಟ್ಟಿಲು ಮೆಟ್ಟಿಲಾಗಿ ಯಜಮಾನ, ಗುಂಪು, ಹಕ್ಕುಗಳನ್ನು ತೋರಿಸುತ್ತದೆ. ಲಿನಕ್ಸ್‌ನಲ್ಲಿ ಬಹಳ ಕಾಲದಿಂದ ಇದ್ದರೂ ಇದನ್ನು ಬಳಸುವವರು ಕಡಿಮೆ. ಬಳಸಿದವರ ಗಂಟೆಗಟ್ಟಲೆ ಸಮಯ ಉಳಿದಿದೆ.

ಈಗ ಒರಾಕಲ್ 19ಸಿ ಆವೃತ್ತಿಗೆ ಜಾಗ ಸಿದ್ಧಮಾಡುವುದನ್ನು ಹತ್ತಿರದಿಂದ ನೋಡೋಣ. ಎಲ್ಲ ಅಧಿಕಾರವಿರುವ ‘ರೂಟ್’ ಬಳಕೆದಾರನಾಗಿ ಲಾಗಿನ್ ಆದ ಅಡ್ಮಿನ್ ಮೊದಲು ‘ಓಇನ್‌ಸ್ಟಾಲ್’ ಎಂಬ ಗುಂಪನ್ನು, ಆಮೇಲೆ ‘ಡಿಬಿಎ’ ಎಂಬ ಗುಂಪನ್ನು, ಕೊನೆಗೆ ‘ಒರಾಕಲ್’ ಎಂಬ ಬಳಕೆದಾರನನ್ನು ಹುಟ್ಟಿಸುತ್ತಾರೆ. ಒರಾಕಲ್ ಸಂಸ್ಥೆಯ ದಾಖಲೆಗಳಲ್ಲಿ ಬಳಕೆದಾರನಿಗೂ ಮೊದಲ ಗುಂಪಿಗೂ 54321 ಎಂಬ ಸಂಖ್ಯೆ ಕೊಟ್ಟಿರುತ್ತಾರೆ. ಸಂಖ್ಯೆ ಯಾವುದಾದರೇನು, ಹೆಸರು ಸರಿ ಇದ್ದರಾಯಿತಲ್ಲ ಎಂದುಕೊಳ್ಳುವವರಿದ್ದಾರೆ. ಆದರೆ ಡಿಸ್ಕಿನ ಮೇಲೆ ಯುನಿಕ್ಸ್ ಬರೆದಿಡುವುದು ಹೆಸರನ್ನಲ್ಲ, ಸಂಖ್ಯೆಯನ್ನು. ಒಂದು ಸರ್ವರ್‌ನಲ್ಲಿ ಒರಾಕಲ್ ಎಂದರೆ 54321, ಪಕ್ಕದ ಸರ್ವರ್‌ನಲ್ಲಿ 1005 ಎಂದಿಟ್ಟುಕೊಳ್ಳಿ. ನೆಟ್‌ವರ್ಕಿನಲ್ಲಿ ಡಿಸ್ಕ್ ಹಂಚುವ ಎನ್‌ಎಫ್‌ಎಸ್ ಮೂಲಕ ಇಬ್ಬರೂ ಒಂದೇ ಬ್ಯಾಕಪ್ ಡಿಸ್ಕನ್ನು ಹಂಚಿಕೊಂಡ ದಿನ ಒಬ್ಬರ ಫೈಲನ್ನು ಇನ್ನೊಬ್ಬರು ಮುಟ್ಟಲಾಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೂ ಆಗಬಹುದು: ಪಕ್ಕದ ಸರ್ವರ್‌ನಲ್ಲಿ 54321 ಯಾವುದೋ ಸಂಬಂಧವಿಲ್ಲದ ಬಳಕೆದಾರನ ಸಂಖ್ಯೆಯಾಗಿದ್ದರೆ ಬ್ಯಾಕಪ್ ಪೂರ್ತಿ ಅವನ ಕೈಸೇರಿದಂತೆ. ಆದ್ದರಿಂದ ಸಂಸ್ಥೆಯ ಎಲ್ಲ ಸರ್ವರ್‌ಗಳಿಗೂ ಒಂದೇ ಸಂಖ್ಯೆಯ ಪಟ್ಟಿ ಇರಬೇಕು, ಅದನ್ನು ಮೊದಲ ದಿನವೇ ನೋಡಿಕೊಳ್ಳಬೇಕು.

ಆಮೇಲೆ ಡೈರೆಕ್ಟರಿಗಳು. ‘/ಯು01/ಆ್ಯಪ್/ಒರಾಕಲ್’ ಎಂಬ ದಾರಿಯನ್ನು ಜಗತ್ತಿನ ಯಾವ ಮೂಲೆಯ ಡಿಬಿಎ (ಡೇಟಾಬೇಸ್ ಅಡ್ಮಿನಿಸ್ಟ್ರೇಟರ್) ಆದರೂ ಗುರುತಿಸುತ್ತಾರೆ. ಆ ಶಿಸ್ತಿನ ಹಿಂದೆ ಇರುವವರು ಒರಾಕಲ್‌ನಲ್ಲಿ ಕೆಲಸಮಾಡುತ್ತಿದ್ದ ಕ್ಯಾರಿ ಮಿಲ್‌ಸ್ಯಾಪ್. ‘ಆಪ್ಟಿಮಲ್ ಫ್ಲೆಕ್ಸಿಬಲ್ ಆರ್ಕಿಟೆಕ್ಚರ್’ ಎಂಬ ಅವರ ಕ್ರಮವನ್ನು 1995ರ ಶ್ವೇತಪತ್ರ ವಿವರವಾಗಿ ಮುಂದಿಟ್ಟಿತು. ಡಿಸ್ಕುಗಳಿಗೆ ಯು01, ಯು02 ಎಂಬಂಥ ಅರ್ಥಭಾರವಿಲ್ಲದ ಹೆಸರು ಕೊಡಿ, ಸಾಫ್ಟ್‌ವೇರನ್ನೂ ಡೇಟಾವನ್ನೂ ಬೇರೆ ಬೇರೆ ಇಡಿ, ಆವೃತ್ತಿಯ ಸಂಖ್ಯೆಯನ್ನು ದಾರಿಯಲ್ಲೇ ಸೇರಿಸಿ ಎನ್ನುವುದು ಅದರ ತಿರುಳು. ‘ಡೇಟಾಡಿಸ್ಕ್’ ಎಂದು ಹೆಸರಿಟ್ಟರೆ ನಾಳೆ ಅದೇ ಡಿಸ್ಕಿನಲ್ಲಿ ಸಾಫ್ಟ್‌ವೇರ್ ಇಡಬೇಕಾಗಿ ಬಂದಾಗ ಹೆಸರೇ ಸುಳ್ಳು ಹೇಳತೊಡಗುತ್ತದೆ. ಆವೃತ್ತಿಯ ಸಂಖ್ಯೆ ದಾರಿಯಲ್ಲಿದ್ದರೆ ಹಳೆಯದರ ಪಕ್ಕದಲ್ಲೇ ಹೊಸದನ್ನು ಹಾಕಬಹುದು, ಕೆಟ್ಟರೆ ಹಿಂದಿರುಗಬಹುದು. ಇನ್ನೊಂದು ಸೂಕ್ಷ್ಮವಿದೆ. ಈ ಯಂತ್ರದಲ್ಲಿ ಯಾವ ಯಾವ ಒರಾಕಲ್ ಉತ್ಪನ್ನಗಳಿವೆ ಎಂಬ ದಾಖಲೆ ಕೂರುವ ‘ಒರಾಇನ್ವೆಂಟರಿ’ ಡೈರೆಕ್ಟರಿಯನ್ನು ‘/ಯು01/ಆ್ಯಪ್/ಒರಾಕಲ್’ನ ಒಳಗಿಡುವುದಿಲ್ಲ, ಅದರ ಪಕ್ಕದಲ್ಲಿಡುತ್ತಾರೆ. ನಾಳೆ ಇನ್ನೊಬ್ಬ ಬಳಕೆದಾರ ಇನ್ನೊಂದು ಒರಾಕಲ್ ಉತ್ಪನ್ನವನ್ನು ಹಾಕಿದರೆ ಅವನೂ ಅದೇ ದಾಖಲೆಯಲ್ಲಿ ಬರೆಯಬೇಕಾಗುತ್ತದೆ. ‘ಓಇನ್‌ಸ್ಟಾಲ್’ ಗುಂಪು ಹುಟ್ಟಿದ್ದೇ ಈ ಹಂಚಿಕೆಗಾಗಿ.

‘ಡಿಬಿಎ’ ಗುಂಪಿನ ಕಥೆ ಬೇರೆ, ಅದರ ತೂಕವೂ ಬೇರೆ. ಆ ಗುಂಪಿನಲ್ಲಿರುವ ಯಾರೇ ಆದರೂ ಅದೇ ಸರ್ವರ್‌ನಲ್ಲಿ ಲಾಗಿನ್ ಆಗಿ, ಡೇಟಾಬೇಸಿನ ಪಾಸ್‌ವರ್ಡನ್ನೇ ಕೊಡದೆ ‘ಸಿಸ್‌ಡಿಬಿಎ’ ಆಗಿ ಒಳಹೋಗಬಹುದು. ಇದು ಒರಾಕಲ್ ಬೇಕೆಂದೇ ಇಟ್ಟ ವ್ಯವಸ್ಥೆ. ಆಪರೇಟಿಂಗ್ ಸಿಸ್ಟಮ್ ಗುರುತಿಸಿದವರನ್ನು ಡೇಟಾಬೇಸ್ ನಂಬುತ್ತದೆ. ಹಾಗಿರುವಾಗ ಒಂದು ಲಾಗ್ ಫೈಲ್ ಓದಬೇಕೆಂದು ಕೇಳಿದ ಹೊರಗುತ್ತಿಗೆಯ ನೌಕರನನ್ನು ‘ಡಿಬಿಎ ಗುಂಪಿಗೆ ಸೇರಿಸಿಬಿಡಿ, ಕೆಲಸ ಆಗಲಿ’ ಎಂದು ಟಿಕೆಟ್ ಮುಚ್ಚುವುದು ನನ್ನನ್ನು ಬಹಳ ಚಿಂತೆಗೆ ಹಚ್ಚುತ್ತದೆ. ಕೊಟ್ಟದ್ದು ಒಂದು ಲಾಗ್ ಓದುವ ಹಕ್ಕು ಎಂದು ಅಡ್ಮಿನ್ ಅಂದುಕೊಂಡಿರುತ್ತಾರೆ. ಸಿಕ್ಕಿರುವುದು ಡೇಟಾಬೇಸನ್ನು ನಿಲ್ಲಿಸುವ, ಅಳಿಸುವ, ಪ್ರತಿಯೊಬ್ಬ ಗ್ರಾಹಕನ ವಿವರ ನೋಡುವ ಹಕ್ಕು. 2013ರಲ್ಲಿ ಬಂದ 12ಸಿ ಆವೃತ್ತಿಯಿಂದ ಬ್ಯಾಕಪ್ ತೆಗೆಯುವವರಿಗೆ, ಡೇಟಾ ಗಾರ್ಡ್ ನೋಡಿಕೊಳ್ಳುವವರಿಗೆ, ಗೂಢಲಿಪಿಯ ಕೀಲಿ ಕಾಯುವವರಿಗೆ ಪ್ರತ್ಯೇಕ ಗುಂಪುಗಳನ್ನು ಇಡುವ ಅವಕಾಶವಿದೆ. ಆದರೆ ಇನ್‌ಸ್ಟಾಲರ್ ಕೇಳುವ ಆ ಪ್ರಶ್ನೆಗಳಿಗೆಲ್ಲ ‘ಡಿಬಿಎ, ಡಿಬಿಎ, ಡಿಬಿಎ’ ಎಂದೇ ಉತ್ತರ ತುಂಬಿ ಮುಂದೆ ಹೋಗುವುದು ರೂಢಿಯಾಗಿಬಿಟ್ಟಿದೆ. ಗುಂಪುಗಳನ್ನು ಮೊದಲೇ ಹುಟ್ಟಿಸಿಟ್ಟಿದ್ದರೆ ಆ ಪರದೆಯ ಮುಂದೆ ಆತುರಪಡುವ ಪ್ರಮೇಯ ಬರುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಕೂತು ದೂರದೇಶದ ಸರ್ವರ್‌ಗಳನ್ನು ನೋಡಿಕೊಳ್ಳುವ ತಂಡಗಳಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ರೂಟ್ ಇರುವುದು ಯುನಿಕ್ಸ್ ತಂಡದ ಕೈಯಲ್ಲಿ, ಡಿಸ್ಕ್ ಕೊಡುವುದು ಸ್ಟೋರೇಜ್ ತಂಡ, ಇನ್‌ಸ್ಟಾಲ್ ಮಾಡುವವರು ಡಿಬಿಎಗಳು. ಮೂವರ ನಡುವೆ ಓಡಾಡುವುದು ಟಿಕೆಟ್ ಮಾತ್ರ. ಹಿಂದೆ ಒಂದು ಕಡೆ ನಾನು ಕಣ್ಣಾರೆ ಕಂಡದ್ದು ಹೀಗಿತ್ತು. ಶುಕ್ರವಾರ ಮಧ್ಯಾಹ್ನ ಯುನಿಕ್ಸ್ ತಂಡದವರು ‘/ಯು01’ ಡೈರೆಕ್ಟರಿ ಮಾಡಿ, ಒರಾಕಲ್ ಹೆಸರಿಗೆ ಬರೆದು, 775 ಕೊಟ್ಟು, ಪರದೆಯ ಚಿತ್ರವನ್ನೂ ಅಂಟಿಸಿ ಟಿಕೆಟ್ ಮುಚ್ಚಿದರು. ಸಂಜೆ ಹೊಸ ಡಿಸ್ಕ್ ಬಂತು. ಇನ್ನೊಬ್ಬರು ಅದನ್ನು ಫಾರ್ಮ್ಯಾಟ್ ಮಾಡಿ ಅದೇ ‘/ಯು01’ರ ಮೇಲೆ ಮೌಂಟ್ ಮಾಡಿದರು. ಶನಿವಾರ ರಾತ್ರಿ ಡಿಬಿಎ ಜಿಪ್ ಫೈಲನ್ನು ಬಿಚ್ಚಹೊರಟರೆ ಬರೆಯಲು ಅನುಮತಿಯೇ ಇಲ್ಲ! ಚಿತ್ರದಲ್ಲಿ ಒರಾಕಲ್ ಎಂದಿದ್ದ ಜಾಗದಲ್ಲಿ ಈಗ ರೂಟ್ ಎಂದಿದೆ. ಯಾರೂ ಏನನ್ನೂ ಬದಲಾಯಿಸಿಲ್ಲ ಎಂದು ಎಲ್ಲರೂ ಹೇಳಿದರು. ಅವರ ಮಾತು ನಿಜವೇ ಆಗಿತ್ತು. ಡಿಸ್ಕ್ ಮೌಂಟ್ ಆದೊಡನೆ ಕೆಳಗಿನ ಡೈರೆಕ್ಟರಿ ಮರೆಯಾಗಿ, ಹೊಸ ಫೈಲ್ ಸಿಸ್ಟಮ್‌ನ ತಲೆಯ ಒಡೆತನ ಮೇಲೆ ಕಾಣುತ್ತದೆ. ಹೊಸದಾಗಿ ಫಾರ್ಮ್ಯಾಟ್ ಆದದ್ದರ ಒಡೆಯ ರೂಟ್. ಮೌಂಟ್ ಮೊದಲು, ಒಡೆತನ ಆಮೇಲೆ ಎಂಬ ಕ್ರಮವನ್ನು ಟಿಕೆಟಿನಲ್ಲಿ ಒಂದು ಸಾಲು ಬರೆದಿದ್ದರೆ ಆ ರಾತ್ರಿಯ ಅಲೆದಾಟ ತಪ್ಪುತ್ತಿತ್ತು. ‘ಎಫ್‌ಎಸ್‌ಟ್ಯಾಬ್’ ಫೈಲಿನಲ್ಲಿ ಆ ಡಿಸ್ಕನ್ನು ನಮೂದಿಸುವುದೂ ಅದೇ ಹೊತ್ತಿನ ಕೆಲಸ. ಅದು ಬಿಟ್ಟುಹೋದರೆ ಸರ್ವರ್ ರೀಬೂಟ್ ಆದ ದಿನ ಮತ್ತೆ ಕೆಳಗಿನ ಖಾಲಿ ಡೈರೆಕ್ಟರಿ ಕಾಣುತ್ತದೆ, ಡೇಟಾಬೇಸ್ ಮಾಯವಾಯಿತೆಂದು ಗಾಬರಿ ಹುಟ್ಟುತ್ತದೆ.

ಸಣ್ಣಪುಟ್ಟವೂ ಇವೆ. ಹೊಸ ಫೈಲಿಗೆ ಯಾವ ಹಕ್ಕು ಸಿಗಬಾರದೆಂದು ಹೇಳುವ ಯುಮಾಸ್ಕ್ ಒರಾಕಲ್ ಬಳಕೆದಾರನಿಗೆ 022 ಇರಬೇಕು. ಭದ್ರತಾ ತಂಡ ಅದನ್ನು ಎಲ್ಲರಿಗೂ 077 ಮಾಡಿಟ್ಟಿದ್ದರೆ ಹಾಕಿದ ಫೈಲುಗಳು ಉಳಿದವರಿಗೆ ಕಾಣಿಸುವುದೇ ಇಲ್ಲ. ‘/ಟೆಂಪ್’ನಲ್ಲಿ 1 ಜಿಬಿ ಖಾಲಿ ಇರಬೇಕು. ಅದನ್ನು ‘ನೋಎಕ್ಸೆಕ್’ ಎಂದು ಮೌಂಟ್ ಮಾಡಿದ್ದರೆ ಇನ್‌ಸ್ಟಾಲರ್ ಅಲ್ಲಿ ಬಿಚ್ಚಿಕೊಂಡ ಪ್ರೋಗ್ರಾಮ್ ಓಡುವುದಿಲ್ಲ. ಆಗ ಇನ್‌ಸ್ಟಾಲರ್‌ಗೆ ತಾತ್ಕಾಲಿಕ ಜಾಗವಾಗಿ ಬೇರೆ ಡೈರೆಕ್ಟರಿ ತೋರಿಸಬೇಕೇ ಹೊರತು ಭದ್ರತೆಯನ್ನು ಸಡಿಲಿಸಬಾರದು.

ಇಷ್ಟೆಲ್ಲ ಯಾಕೆ, ಆಮೇಲೆ ಸರಿಮಾಡಿಕೊಂಡರಾಗದೆ ಎಂದು ಕೇಳುವವರಿಗೆ ‘ಒರಾಕಲ್’ ಎಂಬ ಬೈನರಿಯನ್ನೇ ತೋರಿಸಬೇಕು. ಸಾಫ್ಟ್‌ವೇರ್ ಕೂರುವ ‘ಒರಾಕಲ್ ಹೋಮ್’ನ ಬಿನ್ ಡೈರೆಕ್ಟರಿಯಲ್ಲಿರುವ ಆ ಫೈಲಿನ ಪರ್ಮಿಷನ್ 6751. ಮುಂದಿರುವ 6ರ ಅರ್ಥ: ಯಾರೇ ಓಡಿಸಿದರೂ ಪ್ರೋಗ್ರಾಮ್ ಓಡುವುದು ಯಜಮಾನನ ಮತ್ತು ಗುಂಪಿನ ಹಕ್ಕಿನಲ್ಲಿ. ಇದರ ಮೂಲವಾದ ‘ಸೆಟ್‌ಯುಐಡಿ’ ಕಲ್ಪನೆ ಡೆನಿಸ್ ರಿಚಿಯವರದು. 1973ರಲ್ಲಿ ಅರ್ಜಿ ಹಾಕಿದ ಅದಕ್ಕೆ 1979ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು, ಬೆಲ್ ಲ್ಯಾಬ್ಸ್ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಡೇಟಾ ಫೈಲನ್ನು ಮುಟ್ಟುವ ಹಕ್ಕಿಲ್ಲದ ಬಳಕೆದಾರ ಕೂಡ ಅದೇ ಯಂತ್ರದಿಂದ ಡೇಟಾಬೇಸಿಗೆ ನಿಯಮಬದ್ಧವಾಗಿ ಸೇರಿಕೊಳ್ಳುವುದು ಇದರ ಬಲದಿಂದ.

ಇನ್‌ಸ್ಟಾಲ್ ಮುಗಿದ ಮೇಲೆ ಏನೋ ಅಡ್ಡಿಯಾಯಿತೆಂದು ಯಾರೋ ಇಡೀ ಒರಾಕಲ್ ಹೋಮ್‌ಗೆ ಒಡೆತನ ಬದಲಿಸುವ ‘ಸಿಎಚ್-ಓನ್’ ಕಮಾಂಡನ್ನು ಒಮ್ಮೆಗೇ ಓಡಿಸುತ್ತಾರೆ. ಯಜಮಾನನ ಹೆಸರು ಮೊದಲಿದ್ದದ್ದೇ ಆದರೂ ಲಿನಕ್ಸ್ ಆ ಕ್ಷಣದಲ್ಲಿ ಬೈನರಿಯ ಆ 6ನ್ನು ತೆಗೆದುಹಾಕುತ್ತದೆ. ಉಳಿಯುವುದು ಬರೀ 751. ರೂಟ್ ಹೆಸರಿನಲ್ಲೇ ಇರಬೇಕಾದ ‘ಒರಾಡಿಸಂ’ನಂಥ ಫೈಲುಗಳೂ ಒರಾಕಲ್ ಹೆಸರಿಗೆ ಬರುತ್ತವೆ. ಇನ್ನೂ ತೊಂದರೆಯ ಮಾತೆಂದರೆ ಆಗ ಯಾವ ಗಂಟೆಯೂ ಬಾರಿಸುವುದಿಲ್ಲ. ಬೇರೆ ಸರ್ವರ್‌ಗಳಿಂದ ಬರುವ ಸಂಪರ್ಕಗಳು ಲಿಸನರ್ ಮೂಲಕ ಬರುತ್ತವೆ. ಲಿಸನರ್ ಓಡುವುದು ಒರಾಕಲ್ ಬಳಕೆದಾರನಾಗಿಯೇ, ಆದ್ದರಿಂದ ಅವೆಲ್ಲ ಸರಿಯಾಗಿ ನಡೆಯುತ್ತವೆ. ಅದೇ ಯಂತ್ರದಲ್ಲಿ ಬೇರೊಬ್ಬ ಬಳಕೆದಾರನಾಗಿ ರಾತ್ರಿ ಓಡುವ ಲೆಕ್ಕಪತ್ರದ ಜಾಬ್ ಮಾತ್ರ ಮುಗ್ಗರಿಸುತ್ತದೆ. ಹಗಲೆಲ್ಲ ಚೆನ್ನಾಗಿದ್ದದ್ದು ರಾತ್ರಿ ಯಾಕೆ ಕೆಟ್ಟಿತೆಂದು ನೆಟ್‌ವರ್ಕ್ ತಂಡದವರನ್ನೆಲ್ಲ ಎಬ್ಬಿಸುತ್ತಾರೆ. ‘777’ ಕೊಟ್ಟು ಬಿಡುವುದರ ಫಲವೂ ಇದೇ ಜಾತಿಯದು. ಅಲ್ಲಿ 6 ಹೋಗುವುದರ ಜೊತೆಗೆ ಬೈನರಿಯನ್ನು ಯಾರು ಬೇಕಾದರೂ ತಿದ್ದಿ ಬರೆಯುವಂತಾಗುತ್ತದೆ. ಅದೇ ‘ಸಿಎಚ್-ಓನ್’ ಕಮಾಂಡನ್ನು ಡೈರೆಕ್ಟರಿ ಖಾಲಿ ಇದ್ದಾಗ ಓಡಿಸಿದ್ದರೆ ಅದು ಪೂರ್ತಿ ನಿರಪಾಯ. ಗೋಡೆಗೆ ಗಾರೆ ಬಳಿಯುವ ಮುಂಚೆ ವೈರಿಂಗ್ ಪೈಪು ಹುದುಗಿಸುವುದಕ್ಕೂ ಬಣ್ಣ ಹೊಡೆದ ಮೇಲೆ ಗೋಡೆ ಒಡೆಯುವುದಕ್ಕೂ ಇರುವಷ್ಟೇ ವ್ಯತ್ಯಾಸ.

ದುರಸ್ತಿ ಸಾಧ್ಯವಿಲ್ಲವೆಂದಲ್ಲ. ಬೈನರಿಗೆ 6751 ಮರಳಿ ಕೊಟ್ಟು, ‘ರೂಟ್.ಎಸ್‌ಎಚ್’ ಸ್ಕ್ರಿಪ್ಟನ್ನು ರೂಟ್ ಆಗಿ ಮತ್ತೆ ಓಡಿಸುತ್ತಾರೆ. ಆದರೆ ಸಾವಿರಾರು ಫೈಲುಗಳಲ್ಲಿ ಮೊದಲು ಯಾವುದು ಹೇಗಿತ್ತು ಎಂದು ನೆನಪಿಟ್ಟವರು ಯಾರು? ಆರ್‌ಪಿಎಂ ಮೂಲಕ ಹಾಕಿದ ಪ್ಯಾಕೇಜುಗಳಾದರೆ ಮೂಲ ಒಡೆತನ ಮತ್ತು ಪರ್ಮಿಷನ್ ಆರ್‌ಪಿಎಂನ ದಾಖಲೆಯಲ್ಲೇ ಇರುತ್ತದೆ; ಅಲ್ಲಿಯೂ ಮೊದಲು ಒಡೆತನವನ್ನು, ನಂತರ ಪರ್ಮಿಷನ್ನನ್ನು ಮರಳಿಸಬೇಕು, ಕ್ರಮ ತಿರುವುಮುರುವಾದರೆ ಮತ್ತೆ ಅದೇ ನಷ್ಟ. ಜಿಪ್ ಬಿಚ್ಚಿ ಹಾಕುವ ಒರಾಕಲ್ ಹೋಮ್‌ಗೆ ಆ ಅನುಕೂಲವಿಲ್ಲ. ಆದ್ದರಿಂದ ಇನ್‌ಸ್ಟಾಲ್ ಮುಗಿದು ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಕೂಡಲೇ ‘ಗೆಟ್‌ಫ್ಯಾಕ್ಲ್’ ಕಮಾಂಡಿನಿಂದ ಇಡೀ ಮರದ ಒಡೆತನ, ಗುಂಪು, ಹಕ್ಕುಗಳನ್ನು ಒಂದು ಪಠ್ಯ ಫೈಲಿಗೆ ಬರೆಸಿ ಬೇರೆ ಯಂತ್ರದಲ್ಲಿಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ‘ಸೆಟ್‌ಫ್ಯಾಕ್ಲ್’ ಅದನ್ನು ಓದಿಕೊಂಡು ಮೊದಲಿನ ಸ್ಥಿತಿಗೆ ತರಬಲ್ಲದು.

ಕಂಟೇನರ್‌ಗಳ ಕಾಲದಲ್ಲಿ ಇದೆಲ್ಲ ಹಳೆಯದಾಯಿತಲ್ಲವೇ ಎಂದು ಕಾಲೇಜಿನಿಂದ ಈಗಷ್ಟೇ ಬಂದವರು ಕೇಳುತ್ತಾರೆ. ಅಲ್ಲೂ ಒಡೆತನವನ್ನು ಮೊದಲೇ ಯೋಚಿಸಬೇಕು. ರೆಡ್ ಹ್ಯಾಟ್‌ನ ಓಪನ್‌ಶಿಫ್ಟ್ ತನ್ನ ಕಂಟೇನರುಗಳನ್ನು ಸಾಮಾನ್ಯವಾಗಿ ತಾನೇ ಆರಿಸಿದ ಯಾವುದೋ ದೊಡ್ಡ ಬಳಕೆದಾರ ಸಂಖ್ಯೆಯಲ್ಲಿ ಓಡಿಸುತ್ತದೆ, ಗುಂಪು ಮಾತ್ರ 0. ಯಜಮಾನ ಯಾರಾಗುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಅಲ್ಲಿ ಪ್ರೋಗ್ರಾಮ್ ಬರೆಯಬೇಕಾದ ಡೈರೆಕ್ಟರಿಗಳನ್ನು ಇಮೇಜ್ ಕಟ್ಟುವಾಗಲೇ 0 ಗುಂಪಿಗೆ ಸೇರಿಸಿ, ಯಜಮಾನನಿಗಿರುವ ಹಕ್ಕನ್ನೇ ಗುಂಪಿಗೂ ಕೊಟ್ಟಿರಬೇಕು. ಅದನ್ನು ಬಿಟ್ಟ ಇಮೇಜು ತಯಾರಿಸಿದವರ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓಡುತ್ತದೆ, ಗ್ರಾಹಕರ ಕ್ಲಸ್ಟರಿಗೆ ಹೋದ ದಿನ ಮೊದಲ ಫೈಲು ಬರೆಯಲಾರದೆ ನಿಲ್ಲುತ್ತದೆ.