ಪಾದರಸ ನಿಂತರೆ ಶುದ್ಧವೆಂದೇ?

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಈಥೈಲ್ ಆಲ್ಕೊಹಾಲ್ 78.3 ಡಿಗ್ರಿಯಲ್ಲಿ. ಇವೆರಡನ್ನೂ ಬೆರೆಸಿದರೆ ಕುದಿಬಿಂದು ಎಷ್ಟು? ಇದಕ್ಕೆ ಒಂದೇ ಅಂಕಿಯ ಉತ್ತರವಿಲ್ಲ.

ಪ್ರಯೋಗಶಾಲೆಯಲ್ಲಿ ಮಿಶ್ರಣವನ್ನು ಆಸವನ ಫ್ಲಾಸ್ಕಿಗೆ ಸುರಿದು, ಒಮ್ಮೆಲೇ ಉಕ್ಕದಂತೆ ಒಂದೆರಡು ಪಿಂಗಾಣಿ ಚೂರು ಹಾಕುತ್ತಾರೆ. ಥರ್ಮಾಮೀಟರಿನ ಬುರುಡೆ ದ್ರವದಲ್ಲಿ ಮುಳುಗಿರಬಾರದು. ಆವಿ ಹೊರಹೋಗುವ ಪಕ್ಕದ ಕೊಳವೆಯ ನೇರಕ್ಕಿರಬೇಕು. ಆಲ್ಕೊಹಾಲಿಗೆ ಬೇಗ ಬೆಂಕಿ ಹತ್ತುವುದರಿಂದ ಬರ್ನರ್ ಬದಲು ವಿದ್ಯುತ್ ಹೀಟರ್ ಒಳ್ಳೆಯದು. ಗಾಳಿಯ ಒತ್ತಡವನ್ನೂ ಬರೆದಿಡಬೇಕು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆಯಲ್ಲ!

ಕುದಿಯಲು ತೊಡಗಿದಾಗ ಆವಿಯಲ್ಲಿ ಆಲ್ಕೊಹಾಲಿನ ಪಾಲು ಹೆಚ್ಚು. ಅದು ಹೊರಟುಹೋದಂತೆ ಫ್ಲಾಸ್ಕಿನಲ್ಲಿ ನೀರಿನ ಪಾಲು ಹೆಚ್ಚುತ್ತದೆ, ಪಾದರಸವೂ ಮೇಲೇರುತ್ತದೆ.

ಆದರೆ ತೂಕದಲ್ಲಿ ನೂರಕ್ಕೆ ಸುಮಾರು 95.6 ಭಾಗ ಆಲ್ಕೊಹಾಲ್, ಉಳಿದದ್ದು ನೀರು ಇದ್ದಾಗ ಸೋಜಿಗವೊಂದು ನಡೆಯುತ್ತದೆ. ದ್ರವದಲ್ಲಿರುವ ಪ್ರಮಾಣವೇ ಆವಿಯಲ್ಲೂ ಇದ್ದು, ಪಾದರಸ 78.2 ಡಿಗ್ರಿಯಲ್ಲಿ ಕದಲದೆ ನಿಲ್ಲುತ್ತದೆ. ನೋಡಿದವರು ಶುದ್ಧ ವಸ್ತುವೆಂದೇ ತಿಳಿದಾರು! ಇಂಥ ಮಿಶ್ರಣಕ್ಕೆ 'ಅಜಿಯೋಟ್ರೋಪ್' ಎಂದು ಹೆಸರು. ಅದೇ ಒತ್ತಡದಲ್ಲಿ ಎಷ್ಟು ಸಲ ಬಟ್ಟಿ ಇಳಿಸಿದರೂ ಉಳಿದ ನೀರು ಬೇರೆಯಾಗದು.

ಪೆಟ್ರೋಲಿಗೆ ಬೆರೆಸುವ ಆಲ್ಕೊಹಾಲಿನಲ್ಲಿ ನೀರು ಹೆಚ್ಚಿದರೆ ಅದು ಬೇರ್ಪಟ್ಟು ಟ್ಯಾಂಕಿನ ತಳ ಸೇರೀತು. ಆದ್ದರಿಂದಲೇ ಡಿಸ್ಟಿಲರಿಗಳು ಜಿಯೋಲೈಟ್ ಹರಳುಗಳ ಸೂಕ್ಷ್ಮ ರಂಧ್ರಗಳಲ್ಲಿ ಆ ನೀರನ್ನು ಹಿಡಿದಿಡುತ್ತವೆ.

ಸ್ಥಿರ ಕುದಿಬಿಂದು ಶುದ್ಧತೆಯ ಸುಳಿವು ಮಾತ್ರ. ಖಾತ್ರಿಯಾಗಬೇಕಾದರೆ ಸಾಂದ್ರತೆಯನ್ನೂ ಅಳೆದು ನೋಡಬೇಕು.