ಬಾವುಟದ ಬೆಂಗೇರಿಗೆ ನೋಡುಗರು ಬೇಕು

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಗಾಂಧಿವಾದಿಗಳ ಗುಂಪೊಂದು ಕಟ್ಟಿದ್ದು 1957ರ ನವೆಂಬರ್ 1ರಂದು, ಕರ್ನಾಟಕ ಏಕೀಕರಣಗೊಂಡ ಮರುವರ್ಷ. ಊರ ಹೊರಗೆ ಅದರ ಹೆಸರು ಹಬ್ಬಿದ್ದು ಮಾತ್ರ ರಾಷ್ಟ್ರಧ್ವಜದಿಂದ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಧಾರವಾಡ ತಾಲ್ಲೂಕಿನ ಗರಗದಂಥ ಊರುಗಳು ಧ್ವಜದ ಬಟ್ಟೆಗೆ ಹೆಸರಾದವು. ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದ ಬಟ್ಟೆ ಬೆಂಗೇರಿಯಲ್ಲಿ ಬಿಳುಪಾಗಿ, ಬಣ್ಣ ಹೊತ್ತು, 24 ಅರಗಳ ಚಕ್ರದ ಅಚ್ಚು ಒತ್ತಿಸಿಕೊಂಡು, ಹೊಲಿಗೆಯಾಗಿ, ಕೊನೆಗೆ ಹಗ್ಗ ಮತ್ತು ಮರದ ಗೂಟ ಕಟ್ಟಿಸಿಕೊಂಡು ಬಾವುಟವಾಗುತ್ತದೆ. ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಮೊದಲ ಸಂಖ್ಯೆ ಬಾವುಟದ್ದೇ. ಅದರಲ್ಲಿ 9 ಅಳತೆಗಳಿವೆ. ದೊಡ್ಡದು 21 ಅಡಿಗೆ 14 ಅಡಿ, ಚಿಕ್ಕದು 6 ಇಂಚಿಗೆ 4 ಇಂಚು. ಎಳೆಗಳ ಎಣಿಕೆ, ಬಟ್ಟೆಯ ತೂಕ, ಬಣ್ಣದ ಗಟ್ಟಿತನ ಎಲ್ಲಕ್ಕೂ ಪರೀಕ್ಷೆಯುಂಟು. ಎರಡೂ ಬದಿಯ ಚಕ್ರಗಳು ಒಂದರ ಬೆನ್ನಿಗೊಂದು ಕರಾರುವಾಕ್ಕಾಗಿ ಕೂರಬೇಕು. ಇಷ್ಟು ಕಟ್ಟುನಿಟ್ಟಿನ ಕೈಕೆಲಸ ನಮ್ಮ ನಗರಗಳಲ್ಲಿ ಅಪರೂಪ.

ಈ ಕೆಲಸಕ್ಕೆ ಬಹುಕಾಲ ಬೆನ್ನೆಲುಬಾಗಿದ್ದುದು ಧ್ವಜ ಸಂಹಿತೆ. ಬಟ್ಟೆಯ ಬಾವುಟವೆಂದರೆ ಖಾದಿಯದೇ ಎಂಬ ನಿಯಮ ಬೇಡಿಕೆಯನ್ನು ಕಾಯ್ದುಕೊಂಡಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರ್‌ನ ಬಾವುಟಕ್ಕೂ ಬಾಗಿಲು ತೆರೆಯಿತು. ಮರುವರ್ಷದ ‘ಹರ್ ಘರ್ ತಿರಂಗಾ’ ಅಭಿಯಾನದಲ್ಲಿ ಅಗ್ಗದ ಬಾವುಟಗಳು ಮಾರುಕಟ್ಟೆ ತುಂಬಿದಾಗ ಬೆಂಗೇರಿಯಿಂದ ವಿರೋಧದ ದನಿ ಎದ್ದದ್ದು ಸಹಜ. ಹಳೆಯ ನಿಯಮ ಮರಳಲಿ ಎಂಬ ಬೇಡಿಕೆ ನ್ಯಾಯವಾದುದೇ. ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಸಂಹಿತೆ ಕೈಬಿಟ್ಟ ಮೇಲೆ ಖಾದಿಗೆ ಉಳಿಯುವ ಆಸರೆ ಒಂದೇ, ಎರಡು ಬಾವುಟಗಳ ನಡುವಿನ ವ್ಯತ್ಯಾಸ ಬಲ್ಲ ಗಿರಾಕಿ. ಅಂಥ ಗಿರಾಕಿ ಜಾಹೀರಾತಿನಿಂದ ಹುಟ್ಟುವುದಿಲ್ಲ, ಕೆಲಸವನ್ನು ಕಣ್ಣಾರೆ ಕಂಡಾಗ ಹುಟ್ಟುತ್ತಾನೆ. ಬೆಂಗೇರಿ ತನ್ನ ದುಡಿಮೆ ನಿಲ್ಲಿಸದೆಯೇ ಸಮುದಾಯದ ವಸ್ತುಸಂಗ್ರಹಾಲಯವೂ ಆಗಬೇಕು ಎನ್ನುವುದು ಈ ಕಾರಣಕ್ಕೆ.

ಇದು ವಿಚಿತ್ರ ಬಯಕೆಯೇನಲ್ಲ. ಊರು, ಕಸುಬು, ಜನ ಸೇರಿಯೇ ಸಂಗ್ರಹಾಲಯ ಎಂಬ ವಿಚಾರ ಫ್ರಾನ್ಸಿನಲ್ಲಿ 1970ರ ದಶಕದಲ್ಲೇ ಬೇರುಬಿಟ್ಟಿತು. ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ 2022ರಲ್ಲಿ ಪ್ರಾಗ್‌ನಲ್ಲಿ ಒಪ್ಪಿದ ಹೊಸ ವ್ಯಾಖ್ಯೆ ಸುಸ್ಥಿರತೆಯನ್ನು ಹೆಸರೆತ್ತಿಯೇ ಹೇಳುತ್ತದೆ. ಅಷ್ಟು ದೂರವೇಕೆ, ಹುಬ್ಬಳ್ಳಿಯ ಗದಗ ರಸ್ತೆಯಲ್ಲೇ ಉದಾಹರಣೆಯಿದೆ. 1907ರ ಎರಡು ಕಟ್ಟಡಗಳನ್ನು ಕೆಡವದೆ, ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟು, ನೈರುತ್ಯ ರೈಲ್ವೆ 2020ರ ಆಗಸ್ಟ್‌ನಲ್ಲಿ ರೈಲು ವಸ್ತುಸಂಗ್ರಹಾಲಯ ತೆರೆಯಿತು. ಇದ್ದ ಗೋಡೆಯನ್ನೇ ಮತ್ತೆ ಬಳಸುವುದು ಹೊಸ ಇಟ್ಟಿಗೆ, ಸಿಮೆಂಟಿನ ಖರ್ಚನ್ನು ತಪ್ಪಿಸುತ್ತದೆ. ಆದರೂ ಅಲ್ಲಿರುವ ಎಂಜಿನ್ ಕೆಲಸ ಮುಗಿಸಿ ನಿಂತದ್ದು. ಬೆಂಗೇರಿಯ ಸೂಜಿ ಇನ್ನೂ ಓಡುತ್ತಿದೆ. ಕಸುಬು ಸತ್ತ ಮೇಲೆ ಅದರ ಸಾಮಾನನ್ನು ಗಾಜಿನೊಳಗಿಡುವುದರಲ್ಲಿ ನಾವು ಚುರುಕು, ಬದುಕಿರುವಾಗ ನೋಡಹೋಗುವುದರಲ್ಲಿ ಮಾತ್ರ ಸೋಮಾರಿಗಳು.

ಪಾಲಿಯೆಸ್ಟರ್ ಬಡವನ ಮನೆಗೂ ಬಾವುಟ ತಲುಪಿಸಿತಲ್ಲ ಎಂದು ಕೇಳಬಹುದು. ತಲುಪಿಸಿತು, ನಿಜ. ಆದರೆ ಅದು ಪೆಟ್ರೋಲಿಯಂನಿಂದ ಬಂದ ನೂಲು, ಮಣ್ಣಿಗೆ ಸೇರಿದರೂ ಬೇಗ ಕೊಳೆಯದು. ಒಂದು ವಾರದ ಸಂಭ್ರಮಕ್ಕೆ ದಶಕಗಳ ಕಸ ಅಗ್ಗವೆಂದು ಲೆಕ್ಕ ಹಾಕುವುದು ಹೇಗೆ? ಹಾಗೆಂದು ಖಾದಿಯನ್ನು ಪೂರ್ತಿ ಹಸಿರೆಂದು ಕೊಂಡಾಡುವುದೂ ಸುಳ್ಳಾದೀತು. ಬಿಳುಪು ಮಾಡಲು, ಬಣ್ಣ ಹಾಕಲು ನೀರೂ ರಾಸಾಯನಿಕವೂ ಬೇಕು. ನೂಲುವ ಹಂಜಿಯೂ ಪಕ್ಕದ ಹೊಲದ್ದಲ್ಲ, ರಾಜ್ಯದ ಖಾದಿ ಸಂಸ್ಥೆಗಳಿಗೆ ಅದನ್ನು ಒದಗಿಸುವ ಕೇಂದ್ರ ಇರುವುದು ಚಿತ್ರದುರ್ಗದಲ್ಲಿ. ಇಲ್ಲಿನ ಎರೆಭೂಮಿಯಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಜಯಧರದಂಥ ದೇಸಿ ಹತ್ತಿಯ ಜಾಗವನ್ನು ಹೈಬ್ರಿಡ್, ಬಿಟಿ ತಳಿಗಳು ಹಿಡಿದಿವೆ. ಬಾವುಟದ ಜೊತೆ ಈ ಕಥೆಯನ್ನೂ ಮುಚ್ಚುಮರೆಯಿಲ್ಲದೆ ತೋರಿಸುವ ಸಂಗ್ರಹಾಲಯ ಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಪಕ್ಕದಲ್ಲೇ ಇರುವಾಗ ಹೊಲದಿಂದ ಧ್ವಜದವರೆಗಿನ ದಾರಿಯನ್ನು ಮತ್ತೆ ಜೋಡಿಸುವ ಪ್ರಯೋಗ ಕೈಗೆಟುಕದ್ದೇನಲ್ಲ.

ಪಾಲಿಯೆಸ್ಟರ್ ಪರವಾದ ವಾದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕಡಿಮೆ ಕೂಲಿಗೆ ದುಡಿಯುವ ಹೆಣ್ಣುಮಕ್ಕಳನ್ನು ಪ್ರವಾಸಿಗರ ಮುಂದೆ ಪ್ರದರ್ಶನಕ್ಕಿಡುವುದು ತರವೇ? ಅವರ ಒಪ್ಪಿಗೆಯಿಲ್ಲದೆ, ಅವರಿಗೆ ಪಾಲಿಲ್ಲದೆ ನಡೆದರೆ ಖಂಡಿತ ತರವಲ್ಲ. ವಿವರಿಸುವವರು ಅವರೇ ಆಗಲಿ, ಆ ಹೊತ್ತಿಗೂ ಕೂಲಿ ಸಿಗಲಿ, ಪ್ರವೇಶ ಶುಲ್ಕದ ಹಣ ಮೊದಲು ಅವರ ಕೈಸೇರಲಿ, ಒಂದು ಬಾವುಟದ ಬೆಲೆಯಲ್ಲಿ ನೂಲುವವಳಿಗೆ, ಹೊಲಿಯುವವಳಿಗೆ ಎಷ್ಟು ಎಂಬುದು ಗೋಡೆಯ ಮೇಲೇ ಬರೆದಿರಲಿ. ಬಾವುಟದ ವ್ಯಾಪಾರ ಆಗಸ್ಟ್ 15 ಮತ್ತು ಜನವರಿ 26ರ ಸುತ್ತಲೇ ಗಿರಕಿ ಹೊಡೆಯುತ್ತದೆ. ಸ್ವಾತಂತ್ರ್ಯ ದಿನದ ಗಡಿಬಿಡಿ ಮುಗಿದು ಮುಂದಿನ ಹಂಗಾಮು ಶುರುವಾಗುವ ಮುನ್ನ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಅವಳಿನಗರದ ಶಾಲಾ ಮಕ್ಕಳಿಗೆ ಬೆಂಗೇರಿಯ ಬಾಗಿಲು ತೆರೆಯಲು ಸರ್ಕಾರದ ದೊಡ್ಡ ಯೋಜನೆ ಬೇಕಿಲ್ಲ. ಸಂಘ, ಪಾಲಿಕೆ, ಶಿಕ್ಷಣ ಇಲಾಖೆ ಒಂದು ವೇಳಾಪಟ್ಟಿಗೆ ಒಪ್ಪಿದರೆ ಸಾಕು.