ಆಟೋ ಎಂಜಿನ್ನಿಗೆ ಯಾವ ಪಿಸ್ಟನ್?

ಆಟೋ ಏರು ಹತ್ತುತ್ತಿಲ್ಲ. ಎಂಜಿನ್ ಆಯಿಲ್ ಬೇಗ ಬೇಗ ಕಡಿಮೆ ಆಗುತ್ತಿದೆ. ಹಿಂದಿನಿಂದ ನೀಲಿ ಹೊಗೆ ಬರುತ್ತಿದೆ. ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಹೇಳುತ್ತಾನೆ: "ಅಣ್ಣಾ, ಬ್ಲಾಕ್ ಸವೆದಿದೆ. ಬೋರ್ ಮಾಡಿಸ್ಬೇಕು, ಪಿಸ್ಟನ್ ಹೊಸದು ಹಾಕ್ಬೇಕು."

ಇದು ದೊಡ್ಡ ಖರ್ಚು. ಆಟೋ ನಿಂತಷ್ಟು ದಿನ ದುಡಿಮೆಯೂ ಇಲ್ಲ. ತಪ್ಪು ಅಳತೆಯ ಪಿಸ್ಟನ್ ಹಾಕಿದರೆ ಮತ್ತೆ ಎಂಜಿನ್ ಬಿಚ್ಚಬೇಕು. ಹಾಗಾಗಿ ಆಟೋದವರು ಈ ವಿಷಯ ತಿಳಿದಿರಬೇಕು.

ಬ್ಲಾಕ್, ಪಿಸ್ಟನ್ ಎಂದರೇನು?

ಬ್ಲಾಕ್ ಎಂದರೆ ಸಿಲಿಂಡರ್. ಅದು ದಪ್ಪ ಗೋಡೆಯ ಲೋಹದ ಕೊಳವೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ ಸುತ್ತ ರಿಂಗುಗಳಿವೆ. ಉರಿಯುವ ಗ್ಯಾಸ್ ಕೆಳಗೆ ನುಸುಳದಂತೆ ರಿಂಗುಗಳು ತಡೆಯುತ್ತವೆ.

ಬಹಳಷ್ಟು ಆಟೋಗಳ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ. ಬ್ಲಾಕಿನ ಹೊರಗೆ ರೆಕ್ಕೆಗಳಿವೆ. ಫ್ಯಾನಿನ ಗಾಳಿ ರೆಕ್ಕೆಗಳ ನಡುವೆ ಹಾದು ಬಿಸಿಯನ್ನು ತೆಗೆಯುತ್ತದೆ. ಇಂಥ ಎಂಜಿನ್ ಹೆಚ್ಚು ಕಾಯುತ್ತದೆ. ಕಾದಾಗ ಪಿಸ್ಟನ್ ಹಿಗ್ಗುತ್ತದೆ. ಅದಕ್ಕೇ ಅಳತೆ ಸರಿಯಾಗಿರಬೇಕು.

ಮೊದಲು ಅಳತೆ, ಆಮೇಲೆ ಖರೀದಿ

ನೀಲಿ ಹೊಗೆ ಬಂದ ಮಾತ್ರಕ್ಕೆ ಬ್ಲಾಕ್ ಸವೆದಿದೆ ಅಂತ ಹೇಳೋಕಾಗಲ್ಲ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಸೀಲ್ ಹೋದರೂ ಹೊಗೆ ಬರುತ್ತದೆ. ಬ್ಲಾಕನ್ನು ಬೋರ್ ಗೇಜಿನಿಂದ ಅಳೆಸಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಒಂದೊಂದು ಕಡೆಯೂ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆಯಬೇಕು. ಸವೆತ ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಹೆಚ್ಚು.

ಸವೆತ ತೀರಾ ಕಡಿಮೆ ಇದ್ದರೆ ಹೊಸ ರಿಂಗ್ ಸಾಕು. ಹೆಚ್ಚಿದ್ದರೆ ಬೋರ್ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಬೇಕು.

ಪಿಸ್ಟನ್ ತಲೆಯ ಮೇಲಿನ ಅಂಕಿ

ಪಿಸ್ಟನ್ ತಲೆಯ ಮೇಲೆ ನೋಡಿ. 0.25, 0.50 ಹೀಗೆ ಅಂಕಿ ಇರುತ್ತದೆ. ಮೂಲ ಅಳತೆಗಿಂತ ಅಷ್ಟು ಮಿಲಿಮೀಟರ್ ದೊಡ್ಡದು ಎಂದು ಅರ್ಥ. ಕೆಲವು ಎಂಜಿನ್ನಿಗೆ 0.75, 1.00 ಕೂಡ ಸಿಗುತ್ತದೆ.

ಬಜಾಜ್‌ನ ಹಳೆಯ 145 ಸಿಸಿ ಟೂ-ಸ್ಟ್ರೋಕ್ ಆಟೋ ತಗೊಳ್ಳಿ. ಅದರ ಬ್ಲಾಕಿನ ಒಳ ಅಗಲ 57 ಮಿ.ಮೀ. ಸವೆದು 57.12 ಆಗಿದ್ದರೆ 0.25 ಪಿಸ್ಟನ್ ಸಾಕಾಗಬಹುದು. 57.28 ಆಗಿದ್ದರೆ 0.25 ಆಗುವುದಿಲ್ಲ, 0.50 ಬೇಕು.

"ಒಂದೇ ಸಲ ದೊಡ್ಡದು ಹಾಕ್ಬಿಡೋಣ, ಪವರ್ ಬರುತ್ತೆ" ಅನ್ನೋರಿದ್ದಾರೆ. ಇಷ್ಟರಿಂದ ಹೇಳಿಕೊಳ್ಳುವಂಥ ಪವರ್ ಬರುವುದಿಲ್ಲ. ಬೋರ್ ಮಾಡಿದಷ್ಟೂ ಬ್ಲಾಕಿನ ಗೋಡೆ ತೆಳ್ಳಗಾಗುತ್ತದೆ. ಮುಂದೆ ಮತ್ತೆ ಬೋರ್ ಮಾಡಿಸಲು ಜಾಗ ಉಳಿಯುವುದಿಲ್ಲ. ಸವೆತ ಪೂರ್ತಿ ಹೋಗುವಷ್ಟು, ಅದರಲ್ಲಿ ಚಿಕ್ಕ ಸೈಜನ್ನೇ ಆರಿಸಿ.

ಕೊನೆಯ ಸೈಜೂ ಮುಗಿದಿದ್ದರೆ ಹೊಸ ಬ್ಲಾಕ್ ಮತ್ತು ಪಿಸ್ಟನ್ ಜೋಡಿಯಾಗಿ ಕೊಳ್ಳಿ. ಕೆಲವು ಅಲ್ಯೂಮಿನಿಯಂ ಬ್ಲಾಕುಗಳ ಒಳಗೆ ಗಟ್ಟಿ ಲೇಪ ಇರುತ್ತದೆ. ಅವನ್ನು ಮಾಮೂಲಿನಂತೆ ಬೋರ್ ಮಾಡಬಾರದು. ಅವಕ್ಕೂ ಹೊಸ ಜೋಡಿಯೇ ಸರಿ.

ಬೋರಿಂಗ್ ಅಂಗಡಿಯಲ್ಲಿ

ಮೊದಲು ಪಿಸ್ಟನ್ ಕೊಂಡು ತನ್ನಿ. ಆ ಪಿಸ್ಟನ್ನನ್ನೇ ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಬೇಕು. ಪಿಸ್ಟನ್ ಮತ್ತು ಬ್ಲಾಕಿನ ನಡುವೆ ಬಹಳ ಸಣ್ಣ ಸಂದು ಬೇಕು. ಎಷ್ಟು ಎಂಬುದು ಕಂಪನಿಯ ಸರ್ವಿಸ್ ಪುಸ್ತಕದಲ್ಲಿದೆ. ಸಂದು ಕಡಿಮೆಯಾದರೆ ಪಿಸ್ಟನ್ ಹಿಗ್ಗಿ ಹಿಡಿದುಕೊಳ್ಳುತ್ತದೆ. ಓಡುತ್ತಿರುವಾಗಲೇ ಎಂಜಿನ್ ಜಾಮ್ ಆಗುತ್ತದೆ. ಸಂದು ಹೆಚ್ಚಾದರೆ ಟಕ್ ಟಕ್ ಸದ್ದು ಬರುತ್ತದೆ, ಹೊಗೆ ಬರುತ್ತದೆ.

ನೆನಪಿಡಿ

1. ರಿಂಗಿನ ಸೈಜೂ ಪಿಸ್ಟನ್ನಿನ ಸೈಜೂ ಒಂದೇ ಇರಲಿ.
2. ಬೋರ್ ಆದ ಬ್ಲಾಕನ್ನು ಸೋಪಿನ ನೀರಲ್ಲಿ ಉಜ್ಜಿ ತೊಳೆದು, ಒರೆಸಿ, ಆಯಿಲ್ ಹಚ್ಚಬೇಕು. ಲೋಹದ ಪುಡಿ ಉಳಿಯಬಾರದು.
3. ಪಿಸ್ಟನ್ ಮೇಲಿನ ಬಾಣದ ಗುರುತು ಯಾವ ಕಡೆ ಇರಬೇಕೆಂದು ಪುಸ್ತಕ ನೋಡಿ ಕೂಡಿಸಬೇಕು.
4. ರೆಕ್ಕೆಗಳ ನಡುವಿನ ಮಣ್ಣು, ಜಿಡ್ಡು ತೆಗೆಸಿ. ಗಾಳಿ ಆಡಬೇಕು.
5. ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನ ಓಡಿಸಿ. ಹೆಚ್ಚು ಭಾರ ಹೇರಬೇಡಿ.

ಬಿಲ್ಲಿನಲ್ಲಿ ಪಿಸ್ಟನ್ ಸೈಜ್ ಬರೆಸಿಕೊಳ್ಳಿ. ಡಬ್ಬಿಯ ಮೇಲಿನ ಅಂಕಿ, ಪಿಸ್ಟನ್ ಮೇಲಿನ ಅಂಕಿ, ಬಿಲ್ಲಿನ ಅಂಕಿ ಮೂರೂ ಒಂದೇ ಇದೆಯೇ? ನೀವೇ ಓದಿ ನೋಡಿ, ಆಮೇಲೆ ದುಡ್ಡು ಕೊಡಿ.